ಒಂದೇ ಮನೆ, ಎರಡು ಕಾಲುನೋವು

ಬಸವನಗುಡಿಯಲ್ಲಿರುವ ನನ್ನ ಸೋದರಮಾವ ನಿವೃತ್ತರಾದ ಕೆಲವು ವರ್ಷಗಳಿಗೆ ಅಂಗಡಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬೆಳೆಸಿಕೊಂಡರು. ತರಕಾರಿ ತರಲು ಗಾಂಧಿಬಜಾರಿಗೆ ಹೊರಟರೆ ಪಾತ್ರೆ ಅಂಗಡಿಯ ಮುಂದೆ ಒಂದು ನಿಲುಗಡೆ, ಗ್ರಂಧಿಗೆ ಅಂಗಡಿಯ ಮುಂದೆ ಇನ್ನೊಂದು, ಹೂವಿನವರ ಸಾಲಿನಲ್ಲಿ ಮತ್ತೊಂದು. ಕೊಳ್ಳುವುದು ಏನೂ ಇಲ್ಲ. ಎರಡು ನಿಮಿಷ ನಿಂತು, ಬೆಲೆ ಕೇಳಿ, ಮುಂದಕ್ಕೆ. ಜೊತೆಗೆ ಹೋಗುವ ಅತ್ತೆಗೆ ಈ ನಿಲ್ಲುವುದೇ ಕಷ್ಟ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ನಿಂತೇ ಪಾಠ ಹೇಳಿದವರು ಅವರು. "ಎಷ್ಟು ಬೇಕಾದರೂ ನಡೆಯುತ್ತೇನೆ, ನಿಲ್ಲಿಸಬೇಡಿ" ಎನ್ನುತ್ತಿದ್ದರು. ಮಾವನ ಮಾತು ಅದಕ್ಕೆ ತದ್ವಿರುದ್ಧ: "ಒಂದು ನಿಮಿಷ ನಿಂತರೆ ಸರಿಹೋಗುತ್ತದೆ, ಇರು."

ರೋಗ ಯಾವುದೆಂಬುದು ಅಷ್ಟರಲ್ಲೇ ಹೇಳಿಯಾಗಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ ಅಷ್ಟೇ.

ಮನೆಯಲ್ಲಿ ಇಬ್ಬರದೂ ಬರೀ "ಕಾಲುನೋವು". ಇಬ್ಬರಿಗೂ ಒಂದೇ ಎಣ್ಣೆ, ಒಂದೇ ನೋವಿನ ಮಾತ್ರೆ. ಮಾವನ ಸೊಂಟದ ಎಕ್ಸ್‌ರೇ ಒಂದು ಆಯಿತು; ಅರವತ್ತೆಂಟರ ಸೊಂಟದಲ್ಲಿ ಸವೆತ ಕಾಣದಿದ್ದರೆ ತಾನೇ ಆಶ್ಚರ್ಯ, ಹಾಗಾಗಿ ಸವೆತಕ್ಕೆ ಆರು ತಿಂಗಳು ಔಷಧಿ ನಡೆಯಿತು. ಅತ್ತೆಗೆ ಮಾತ್ರ ಬೇಗನೆ ಸರಿಯಾದ ವೈದ್ಯರು ಸಿಕ್ಕರು. ಅವರು ಬಿಗಿಯಾದ ಕಾಲುಚೀಲ ಬರೆದುಕೊಟ್ಟರು, ರಾತ್ರಿ ಪಾದದ ಕೆಳಗೆ ದಿಂಬು ಇಟ್ಟುಕೊಳ್ಳಲು ಹೇಳಿದರು. ವಾರದಲ್ಲಿ ಅತ್ತೆಯ ಕಾಲು ಹಗುರಾಯಿತು. ಇದನ್ನು ಕಂಡ ಮಾವ ಔಷಧಿ ಅಂಗಡಿಯಿಂದ ಅದೇ ಕಾಲುಚೀಲದ ಇನ್ನೊಂದು ಜೊತೆ ತಂದರು. ಎರಡು ದಿನ ಹಾಕಿಕೊಂಡು, ರಾತ್ರಿ ದಿಂಬಿನ ಮೇಲೆ ಕಾಲಿಟ್ಟು ಮಲಗಿದರು. ನಡುರಾತ್ರಿ ಎಡಗಾಲಿನ ಬೆರಳುಗಳಲ್ಲಿ ಉರಿ, ನೋವು. ಎದ್ದು ಕುಳಿತು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟ ಮೇಲೆ ಸಮಾಧಾನ. ಬೆಳಿಗ್ಗೆ ನೋಡಿದರೆ ಕಿರುಬೆರಳು ನೀಲಿಗಟ್ಟಿತ್ತು.

ಹೆಂಡತಿಗೆ ಅಮೃತವಾದದ್ದು ಗಂಡನಿಗೆ ವಿಷವಾದದ್ದೇಕೆ ಎಂಬುದು ಅರ್ಥವಾದರೆ, ರಕ್ತನಾಳದ ಕಾಯಿಲೆಗಳ ಮುಕ್ಕಾಲು ಭಾಗ ಅರ್ಥವಾದಂತೆ.

ಮೊದಲು ಭಾಷೆಯ ತೊಡಕೊಂದನ್ನು ಬಿಡಿಸಬೇಕು. ನಾವು ಮಾತಿನಲ್ಲಿ ಎಲ್ಲಕ್ಕೂ "ನರ" ಎನ್ನುತ್ತೇವೆ. ಡ್ರಿಪ್ ಹಾಕುವ ನರ್ಸ್ "ನರ ಸಿಗುತ್ತಿಲ್ಲ" ಎನ್ನುತ್ತಾರೆ, ಕಾಲಲ್ಲಿ ನೀಲಿ ಹಾವಿನಂತೆ ಎದ್ದಿರುವುದನ್ನು "ನರ ಉಬ್ಬಿದೆ" ಎನ್ನುತ್ತೇವೆ. ಅದು ನರವೇ ಅಲ್ಲ, ರಕ್ತನಾಳ. ಈ ಒಂದು ಪದದ ದೆಸೆಯಿಂದ ನರರೋಗ ತಜ್ಞರ ಬಾಗಿಲಿಗೆ ಹೋಗಿ ಹಿಂತಿರುಗಿದವರು ಬಹಳ ಮಂದಿ ಇರಬೇಕು. ಇನ್ನು ಪಠ್ಯಪುಸ್ತಕದ ಕನ್ನಡವಂತೂ ಹೃದಯದಿಂದ ರಕ್ತ ಒಯ್ಯುವುದಕ್ಕೆ ಅಪಧಮನಿ, ಹೃದಯಕ್ಕೆ ಮರಳಿಸುವುದಕ್ಕೆ ಅಭಿಧಮನಿ ಎಂದು ಹೆಸರಿಟ್ಟಿದೆ. ನಡುವಿನ ಒಂದೇ ಅಕ್ಷರದಲ್ಲಿ ಎಷ್ಟು ಮಕ್ಕಳ ಅಂಕ ಹೋಗಿದೆಯೋ! ಆದರೂ ಬೇರೆ ದಾರಿಯಿಲ್ಲ, ಈ ಲೇಖನದಲ್ಲಿ ಅವನ್ನೇ ಬಳಸುತ್ತೇನೆ.

ಎರಡರ ಸ್ವಭಾವ ತಿಳಿಯಲು ಬೆಂಗಳೂರಿನವರಿಗೆ ನೀರಿನ ಕೊಳವೆಗಿಂತ ಒಳ್ಳೆಯ ಉದಾಹರಣೆ ಬೇಡ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಆಗಿ ಊರಿಗೆ ಏರಿ ಬರುತ್ತದೆ. ಒತ್ತಡ ಹೆಚ್ಚು, ಕೊಳವೆ ಗಟ್ಟಿ. ಅಪಧಮನಿ ಹೀಗೆಯೇ: ದಪ್ಪ ಗೋಡೆ, ಪ್ರತಿ ಬಡಿತಕ್ಕೂ ಹೃದಯದ ತಳ್ಳು. ಇಲ್ಲಿ ಬರುವ ಕಾಯಿಲೆ ಕಟ್ಟಿಕೊಳ್ಳುವುದು. ಹಳೆಯ ಜಿ.ಐ. ಪೈಪಿನ ಒಳಗೆ ಪದರ ಬೆಳೆದಂತೆ ಕೊಬ್ಬು, ಸುಣ್ಣ ಸೇರಿ ದಾರಿ ಕಿರಿದಾಗುತ್ತದೆ. ಅಭಿಧಮನಿಯ ಕಷ್ಟ ಬೇರೆ. ಪಾದದ ರಕ್ತ ಎದೆಯವರೆಗೆ ಮೇಲಕ್ಕೆ ಹತ್ತಬೇಕು, ಆದರೆ ಹಿಂದೆ ನಿಂತು ತಳ್ಳುವ ಪಂಪ್ ಇಲ್ಲ. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ದೂಡಿದ್ದು ಕೆಳಗೆ ಜಾರದಂತೆ ಒಳಗೆ ಪುಟ್ಟ ಕವಾಟಗಳಿವೆ. ನಮ್ಮ ಪ್ಲಂಬರುಗಳು ಬೋರ್‌ವೆಲ್ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ಎನ್‌ಆರ್‌ವಿ ಹಾಕುತ್ತಾರಲ್ಲ, ಅದೇ ಕೆಲಸ. ಕವಾಟ ಸೋತರೆ ರಕ್ತ ಮತ್ತೆ ಕೆಳಗಿಳಿದು ನಿಲ್ಲುತ್ತದೆ, ನಾಳ ಉಬ್ಬಿ ತಿರುಚಿಕೊಳ್ಳುತ್ತದೆ.

ಕವಾಟಗಳನ್ನು ನೀವೇ ಕಾಣಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ, ಮುಂಗೈಯ ನೀಲಿ ನಾಳಗಳು ಏಳುತ್ತವೆ. ಉದ್ದನೆಯದೊಂದನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ಸವರಿ ಬಿಡಿ. ಸವರಿದ ಭಾಗ ಖಾಲಿಯಾಗಿಯೇ ಉಳಿಯುತ್ತದೆ, ಮೇಲಿನಿಂದ ರಕ್ತ ಇಳಿಯುವುದಿಲ್ಲ. ಕೆಳಗಿನ ಬೆರಳು ತೆಗೆದ ಕ್ಷಣ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಸಾಧಿಸಲು ತೋರಿಸಿದ ಪುರಾವೆಗಳಲ್ಲಿ ಇದೂ ಒಂದು. ಯಾವ ಉಪಕರಣವೂ ಬೇಡ.

ಈಗ ಮಾವನ ಅಂಗಡಿ ಪ್ರೀತಿಗೆ ಬರೋಣ. ಕುಳಿತಾಗ ಮೀನಖಂಡಕ್ಕೆ ಬೇಕಾಗುವ ರಕ್ತ ಸ್ವಲ್ಪವೇ, ಕಿರಿದಾದ ಅಪಧಮನಿಯಲ್ಲೂ ಅಷ್ಟು ಹರಿದೀತು. ನಡೆಯತೊಡಗಿದರೆ ಬೇಡಿಕೆ ಹಲವು ಪಟ್ಟು ಏರುತ್ತದೆ, ಪೂರೈಕೆ ಇದ್ದಷ್ಟೇ. ಉಸಿರುಗಟ್ಟಿದ ಸ್ನಾಯು ಹಿಡಿದುಕೊಳ್ಳುತ್ತದೆ. ನಿಂತರೆ ಎರಡು ಮೂರು ನಿಮಿಷದಲ್ಲಿ ಸಾಲ ತೀರುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಜರ್ಮನ್ನರು ಇದನ್ನು "ಅಂಗಡಿ ಕಿಟಕಿಯ ಕಾಯಿಲೆ" ಎನ್ನುತ್ತಾರೆ. ಕುಂಟುವುದು ಕಾಣಬಾರದೆಂದು ಪ್ರತಿ ಅಂಗಡಿಯ ಗಾಜಿನ ಮುಂದೆ ನಿಂತು ನೋಡುವವರ ಕಾಯಿಲೆ ಎಂದು. ನಮ್ಮ ಮಾವನನ್ನು ಕಂಡೇ ಹೆಸರಿಟ್ಟಂತಿದೆ. ಸೊಂಟದ ನರ ಒತ್ತಿಕೊಂಡಾಗಲೂ ನಡೆದರೆ ಕಾಲು ನೋಯುತ್ತದೆ, ಆದರೆ ಅಲ್ಲಿ ಸುಮ್ಮನೆ ನಿಂತರೆ ಸಾಲದು. ಕುಳಿತುಕೊಳ್ಳಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ತಳ್ಳುಗಾಡಿಗೆ ಒರಗಿಕೊಂಡು ಮೈಲಿಗಟ್ಟಲೆ ನಡೆಯುವವರ ತೊಂದರೆ ಬಹುಮಟ್ಟಿಗೆ ಸೊಂಟದ್ದು, ನಿಂತ ಮಾತ್ರಕ್ಕೆ ಹೋಗುವ ನೋವು ಅಪಧಮನಿಯದು.

ಅತ್ತೆಯದು ಇದರ ತಲೆಕೆಳಗು. ಅಲುಗದೆ ನಿಂತಾಗ ಹರಡಿನ ಬಳಿ ಅಭಿಧಮನಿಯ ಒತ್ತಡ ಪಾದರಸದ 80–90 ಮಿಲಿಮೀಟರಿನಷ್ಟಿರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು 30ಕ್ಕೂ ಕೆಳಗಿಳಿಯುತ್ತದೆ. ಕವಾಟ ಸೋತವರಲ್ಲಿ ಅಷ್ಟು ಇಳಿಯುವುದಿಲ್ಲ, ಅದರಲ್ಲೂ ನಿಂತೇ ಇದ್ದರಂತೂ ಭಾರ, ಸೆಳೆತ, ಸಂಜೆಗೆ ಊತ. ದರ್ಶಿನಿಯಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವರು, ವೃತ್ತಗಳಲ್ಲಿ ನಿಲ್ಲುವ ಸಂಚಾರ ಪೊಲೀಸರು, ಅಪಾರ್ಟ್‌ಮೆಂಟ್ ಗೇಟಿನ ಕಾವಲುಗಾರರು, ಕ್ಷೌರಿಕರು ಇವರೆಲ್ಲರ ಕಾಲಿನಲ್ಲಿ ಇದೇ ಕಥೆ. ವರ್ಷಗಟ್ಟಲೆ ಒತ್ತಡ ಉಳಿದರೆ ಕೆಂಪು ರಕ್ತಕಣ ಚರ್ಮದೊಳಕ್ಕೆ ಸೋರುತ್ತದೆ. ಕಣ ಒಡೆದು ಉಳಿದ ಕಬ್ಬಿಣದ ಕಲೆಯೇ ಹರಡಿನ ಮೇಲಿನ ಆ ಕಂದು ಬಣ್ಣ, ಒಂದು ಬಗೆಯ ತುಕ್ಕು. ಆಮೇಲೆ ತುರಿಕೆ, ಕೊನೆಗೆ ಒಳಹರಡಿನ ಮೇಲ್ಭಾಗದಲ್ಲಿ ಮಾಯದ ಹುಣ್ಣು. ಅಪಧಮನಿ ಕಟ್ಟಿ ಬರುವ ಹುಣ್ಣು ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಏಳುತ್ತದೆ; ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದದ ಹುಣ್ಣು ಅಂಗಾಲಿನಲ್ಲಿ, ಅದೂ ನೋವಿಲ್ಲದೆ. ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಹಾಕಿ, ಬೊಬ್ಬೆ ಬಂದದ್ದು ಮರುದಿನ ಕಾಲುಚೀಲ ಒದ್ದೆಯಾದಾಗ ಗೊತ್ತಾದವರಿದ್ದಾರೆ.

ಹಾಗಾದರೆ ದಿಂಬಿನ ರಾತ್ರಿ ಆದದ್ದೇನು? ಕಾಲು ಎತ್ತಿದರೆ ಅಭಿಧಮನಿಯ ರಕ್ತ ಸಲೀಸಾಗಿ ಎದೆಗೆ ಇಳಿಯುತ್ತದೆ, ಅತ್ತೆಗೆ ಸುಖ. ಮಾವನ ಎಡಗಾಲಿಗೆ ರಕ್ತ ಮುಟ್ಟುತ್ತಿದ್ದದ್ದೇ ಕಷ್ಟಪಟ್ಟು. ಕಾಲು ಎತ್ತಿದ್ದರಿಂದ ಆ ಮೋಟು ಒತ್ತಡ ಏರಬೇಕಾದ ದಿಣ್ಣೆ ಇನ್ನಷ್ಟು ಎತ್ತರವಾಯಿತು. ಕಾಲುಚೀಲ ಬೇರೆ ಹೊರಗಿನಿಂದ ಹಿಂಡಿತು. ಆದ್ದರಿಂದಲೇ ಒತ್ತಡದ ಕಾಲುಚೀಲ ಬರೆಯುವ ಮೊದಲು ಪಾದದ ನಾಡಿ ನೋಡಬೇಕೆನ್ನುವುದು. ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುತ್ತಾರೆ ಎಂದ ಮಾತ್ರಕ್ಕೆ ಅದು ಬನಿಯನ್ನಿನಂತಹ ಉಡುಪಲ್ಲ.

ಮರುದಿನ ಮಾವನನ್ನು ರಕ್ತನಾಳದ ಶಸ್ತ್ರಚಿಕಿತ್ಸಕರಲ್ಲಿಗೆ ಕರೆದೊಯ್ದೆವು. ಹೀಗೊಂದು ಪ್ರತ್ಯೇಕ ವಿಭಾಗ ಇರುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ನಡೆದರೆ ನೋವೋ, ನಿಂತರೆ ನೋವೋ?" ಆಮೇಲೆ ಬೆರಳಿಟ್ಟು ನಾಡಿ ಹುಡುಕಿದರು: ತೊಡೆಸಂದು, ಮಂಡಿಯ ಹಿಂಭಾಗ, ಒಳಹರಡಿನ ಹಿಂದೆ, ಪಾದದ ಮೇಲ್ಭಾಗ. ಪಾದದ ಮೇಲಿನ ನಾಡಿ ಕೆಲವರಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ, ಆದ್ದರಿಂದ ಅದೊಂದೇ ಇಲ್ಲದಿದ್ದರೆ ಗಾಬರಿ ಬೇಡ. ಮಲಗಿಸಿ ಎರಡೂ ಕಾಲು ಎತ್ತಿ ಹಿಡಿದಾಗ ಎಡಪಾದ ಬಿಳಿಚಿತು, ಕೆಳಗೆ ಬಿಟ್ಟಾಗ ನಿಧಾನಕ್ಕೆ ಕೆಂಪಡರಿತು. ಆ ಕೆಂಪನ್ನು ನೋಡಿ "ರಕ್ತ ಚೆನ್ನಾಗಿ ಬಂತು" ಎಂದು ಅತ್ತೆ ಸಂತೋಷಪಟ್ಟರು. ಅದು ಸಂತೋಷದ ಕೆಂಪಲ್ಲ, ರಕ್ತಕ್ಕಾಗಿ ಹಸಿದ ಸಣ್ಣ ನಾಳಗಳೆಲ್ಲ ಬಾಯಿ ತೆರೆದು ನಿಂತದ್ದರ ಗುರುತು.

ಮುಂದಿನ ಪರೀಕ್ಷೆಗೆ ಬೇಕಾದದ್ದು ಬಿ.ಪಿ. ನೋಡುವ ಪಟ್ಟಿ ಮತ್ತು ರಕ್ತದ ಹರಿವನ್ನು ಕೇಳಿಸುವ ಅಂಗೈಯಗಲದ ಒಂದು ಡಾಪ್ಲರ್ ಯಂತ್ರ ಅಷ್ಟೇ. ಹರಡಿನ ಬಳಿಯ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಒಂದರಿಂದ 1.4ರವರೆಗೆ ಬಂದರೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ, 0.4ಕ್ಕಿಂತ ಕೆಳಗೆ ಹೋದರೆ ಕಾಲಿಗೇ ಅಪಾಯ. ಮಾವನ ತೋಳಿನಲ್ಲಿ 150, ಎಡ ಹರಡಿನಲ್ಲಿ 87, ಭಾಗಿಸಿದರೆ 0.58. ಬಲಗಾಲಿನಲ್ಲಿ 220, ಅಂದರೆ 1.47. ಬಲಗಾಲು ನೂರಕ್ಕೆ ನೂರೈವತ್ತು ಅಂಕ ತೆಗೆದುಕೊಂಡಿತೆಂದು ನಾವು ನಕ್ಕೆವು. ವೈದ್ಯರು ನಗಲಿಲ್ಲ. ಮಾವನ ಹದಿನೈದು ವರ್ಷದ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಅದು ಪಟ್ಟಿಗೆ ಬಗ್ಗುವುದೇ ಇಲ್ಲ, ಹಾಗಾಗಿ 1.4 ದಾಟಿದ ಅಂಕ ಸುಳ್ಳು ಅಂಕ. ಆಗ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯುತ್ತಾರೆ, ಬೆರಳಿನ ನಾಳಗಳು ಅಷ್ಟು ಗಡುಸಾಗಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಮನೆಯವರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಆಮೇಲಿನದು ಡಾಪ್ಲರ್ ಸ್ಕ್ಯಾನ್. ಜೆಲ್ ಹಚ್ಚಿ ನಾಳವನ್ನು ನೋಡುತ್ತಾ, ರಕ್ತದ ವೇಗವನ್ನು ಶಬ್ದದಿಂದ ಅಳೆಯುವ ವಿಧಾನ. ವಿಕಿರಣವಿಲ್ಲ, ಸೂಜಿಯಿಲ್ಲ. ಅಭಿಧಮನಿಗಳಿಗಾದರೆ ರೋಗಿಯನ್ನು ನಿಲ್ಲಿಸಿಯೇ ನೋಡಬೇಕು. ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಕ್ಕೆ ಹರಿದರೆ ಆ ಕವಾಟ ಸೋತಿದೆ ಎಂದರ್ಥ. ಮಲಗಿಸಿ ಎರಡೇ ನಿಮಿಷದಲ್ಲಿ ಮುಗಿಸಿದ ವರದಿಯನ್ನು ನಾನಾಗಿದ್ದರೆ ನಂಬುವುದಿಲ್ಲ. ಬಣ್ಣದ ದ್ರವ ಕೊಟ್ಟು ತೆಗೆಯುವ ಸಿ.ಟಿ. ಆಂಜಿಯೋಗ್ರಾಂ ಬೇಕಾಗುವುದು ನಾಳ ಹಿಗ್ಗಿಸುವ ಬಲೂನೋ, ಬದಲಿ ದಾರಿ ಹೊಲಿಯುವ ಬೈಪಾಸೋ ಎಂದು ಯೋಜಿಸುವಾಗ. ಆ ದ್ರವ ಮೂತ್ರಪಿಂಡಕ್ಕೆ ಭಾರವಾಗಬಹುದು, ಮೊದಲು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಕೊಳ್ಳಬೇಕು.

ಮಾವನಿಗೆ ಬಲೂನೂ ಇಲ್ಲ, ಬೈಪಾಸೂ ಇಲ್ಲ ಎಂದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಸಿಕ್ಕಿದ್ದು ಮೂರು: ನಲವತ್ತು ವರ್ಷದ ಸಿಗರೇಟು ಅಂದೇ ಬಂದ್, ಕೆಲವು ಮಾತ್ರೆ, ಮತ್ತು ನಡಿಗೆ. ಕೊಬ್ಬು ಇಳಿಸುವ ಸ್ಟ್ಯಾಟಿನ್ ಹಾಗೂ ಹೆಪ್ಪು ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಕಂಡು "ಇದು ಹೃದಯದ್ದಲ್ಲವೇ, ಕಾಲಿಗೇಕೆ" ಎಂದು ಎಲ್ಲರೂ ಕೇಳುತ್ತಾರೆ. ಕಾಲಿನ ಅಪಧಮನಿ ಕಟ್ಟಿದವರು ಕಾಲು ಕಳೆದುಕೊಳ್ಳುವುದಕ್ಕಿಂತ ಹೃದಯಾಘಾತ, ಪಾರ್ಶ್ವವಾಯುವಿನಿಂದ ಸಾಯುವುದೇ ಹೆಚ್ಚು. ಕೊಳವೆ ಒಂದೇ ಜಾಲದ್ದು, ಪದರ ಕಾಲಿನಲ್ಲಿ ಮಾತ್ರ ಕೂರುವುದಿಲ್ಲ. ಕತ್ತಿನ ನಾಳದಲ್ಲಿ ಕೂತು, ಚೂರು ಸಿಡಿದು ಮೆದುಳಿಗೆ ಹೋದರೆ ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹತ್ತು ನಿಮಿಷದಲ್ಲಿ ಸರಿಹೋಯಿತೆಂದು ಸುಮ್ಮನಾಗುವುದು ಅಲ್ಲಿ ಮಾಡುವ ದೊಡ್ಡ ತಪ್ಪು. ಹೊಟ್ಟೆಯ ಮಹಾಪಧಮನಿ ಕಟ್ಟಿಕೊಳ್ಳುವ ಬದಲು ಬಲೂನಿನಂತೆ ಉಬ್ಬುವುದೂ ಉಂಟು. ಗಂಡಸರಲ್ಲಿ 5.5 ಸೆಂಟಿಮೀಟರ್ ಮುಟ್ಟಿದರೆ ಸಾಮಾನ್ಯವಾಗಿ ದುರಸ್ತಿಗೆ ಹೇಳುತ್ತಾರೆ.

ನಡಿಗೆಯ ಚಿಕಿತ್ಸೆಗೆ ಒಂದು ವಿಧಾನವಿದೆ. ನೋವು ಬರುವವರೆಗೆ ನಡೆ, ಜೋರಾದಾಗ ನಿಲ್ಲು, ಪೂರ್ತಿ ಹೋದ ಮೇಲೆ ಮತ್ತೆ ನಡೆ. ದಿನಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಮೂರು ಸಲವಾದರೂ, ಕನಿಷ್ಠ ಹನ್ನೆರಡು ವಾರ. ಕಟ್ಟಿದ ದಾರಿ ಇದರಿಂದ ತೆರೆಯುವುದಿಲ್ಲ, ಆದರೆ ಸ್ನಾಯು ಸಿಕ್ಕಷ್ಟು ರಕ್ತದಲ್ಲೇ ಸಂಸಾರ ಮಾಡಲು ಕಲಿಯುತ್ತದೆ, ಪಕ್ಕದ ಸಣ್ಣ ನಾಳಗಳೂ ಕೈಜೋಡಿಸುತ್ತವೆ. ಮಾವ ಇದನ್ನು ಲಾಲ್‌ಬಾಗಿನಲ್ಲಿ ದೀಪದ ಕಂಬ ಎಣಿಸಿ ಮಾಡಿದರು. ನಾಲ್ಕು ಕಂಬಕ್ಕೆ ನಿಲ್ಲುತ್ತಿದ್ದವರು ನಾಲ್ಕು ತಿಂಗಳಲ್ಲಿ ಹನ್ನೊಂದಕ್ಕೆ ಬಂದರು.

ನಡೆಯದಿದ್ದರೂ ನೋವು, ಅದೂ ರಾತ್ರಿ ಬೆರಳುಗಳಲ್ಲಿ, ಎರಡು ವಾರ ದಾಟಿದರೆ, ಅಥವಾ ಹುಣ್ಣು ಮಾಯದಿದ್ದರೆ ಲೆಕ್ಕ ಬೇರೆ. ಆಗ ರಕ್ತ ಹರಿಸಲೇಬೇಕು. ಬಲೂನಿನ ಹಾದಿಗೆ ನಾಂದಿ ಹಾಡಿದ್ದು ಹೃದಯವಲ್ಲ, ಕಾಲು. ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ಅಪಧಮನಿಯನ್ನು 1964ರ ಜನವರಿಯಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ವೈದ್ಯ ಚಾರ್ಲ್ಸ್ ಡಾಟರ್ ಕೊಳವೆ ತೂರಿಸಿ ಹಿಗ್ಗಿಸಿದರು. ಬಲೂನು ಬಂದದ್ದು ಆಮೇಲೆ. ಅಜ್ಜಿಯ ಕಾಲು ಕೊನೆಯವರೆಗೂ ಉಳಿಯಿತು. ತಡೆ ಬಹಳ ಉದ್ದವಿದ್ದರೆ ಬೈಪಾಸ್: ರೋಗಿಯ ಕಾಲಿನ ಮೇಲ್ಪದರದ ಅಭಿಧಮನಿಯನ್ನೇ ತೆಗೆದು ಅಪಧಮನಿಯಾಗಿ ಜೋಡಿಸುತ್ತಾರೆ. ಕವಾಟಗಳು ಹರಿವಿಗೆ ಅಡ್ಡಬಾರದಂತೆ ತಲೆಕೆಳಗು ಮಾಡಿ ಹೊಲಿಯುವುದುಂಟು. ಬೀಡಿ, ಸಿಗರೇಟು ಸೇದುವ ಮೂವತ್ತು ನಲವತ್ತರ ಹುಡುಗರಲ್ಲಿ ಬರುವ ಬರ್ಜರ್ ಕಾಯಿಲೆಗೆ ಮಾತ್ರ ಇದಾವುದೂ ಅಷ್ಟಾಗಿ ಒದಗದು, ಏಕೆಂದರೆ ಅಲ್ಲಿ ಕಟ್ಟುವುದು ಕೈಕಾಲಿನ ತುದಿಯ ಸಣ್ಣ ನಾಳಗಳು. ತಂಬಾಕು ಬಿಟ್ಟವರ ಬೆರಳು ಬಹುತೇಕ ಉಳಿಯುತ್ತದೆ, ಬಿಡದವರದು ಒಂದೊಂದಾಗಿ ಹೋಗುತ್ತದೆ.

ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ಸಹಿಸಲಾಗದ ನೋವು ಬಂದರೆ ಎಲ್ಲಿಂದಲೋ ಬಂದ ಹೆಪ್ಪು ಸಿಕ್ಕಿಹಾಕಿಕೊಂಡಿರಬಹುದು. ಸ್ನಾಯು ತಡೆದುಕೊಳ್ಳುವುದು ಸುಮಾರು ಆರು ಗಂಟೆ. ಬಿಸಿನೀರಿನ ಚೀಲ ಇಡಬೇಡಿ, ಎಣ್ಣೆ ತಿಕ್ಕಬೇಡಿ, ನಾಳೆ ನೋಡೋಣ ಎನ್ನಬೇಡಿ. 108ಕ್ಕೆ ಕರೆ ಮಾಡಿ. ಈ ಊರಿನ ಸಂಚಾರ ಆ ಆರು ಗಂಟೆಯಲ್ಲಿ ತನ್ನ ಪಾಲು ಕೇಳುತ್ತದೆ.

ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು ಇನ್ನೊಂದು ಬಗೆ. ಒಳಗಿನ ದೊಡ್ಡ ಅಭಿಧಮನಿಯಲ್ಲಿ ರಕ್ತ ನಿಂತು ಹೆಪ್ಪಾದರೆ ಒಂದೇ ಕಾಲು ಊದುತ್ತದೆ, ಮೀನಖಂಡ ಮುಟ್ಟಿದರೆ ನೋಯುತ್ತದೆ. ಎರಡು ಮೀನಖಂಡಗಳ ಸುತ್ತಳತೆಯಲ್ಲಿ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಬಲವಾಗುತ್ತದೆ. ಸ್ಕ್ಯಾನ್ ಬಲು ಸರಳ: ಒತ್ತಿದರೆ ಒಳ್ಳೆಯ ಅಭಿಧಮನಿ ಅಪ್ಪಚ್ಚಿಯಾಗುತ್ತದೆ, ಹೆಪ್ಪಿದ್ದರೆ ಆಗುವುದಿಲ್ಲ. ಮಂಡಿ ಬದಲಿಸಿದ ಶಸ್ತ್ರಚಿಕಿತ್ಸೆಯ ನಂತರ, ಕ್ಯಾನ್ಸರ್ ಇದ್ದವರಲ್ಲಿ, ಮೆಜೆಸ್ಟಿಕ್‌ನಿಂದ ರಾತ್ರಿಯಿಡೀ ಕಾಲು ಮಡಚಿ ಕುಳಿತು ಕಲಬುರಗಿ ಸೇರುವ ಪ್ರಯಾಣದ ನಂತರ ಇದರ ಸಾಧ್ಯತೆ ಹೆಚ್ಚು. ಹೆರಿಗೆಯಾದ ಮೊದಲ ವಾರಗಳೂ ಅಂಥವೇ. ಬಾಣಂತಿಯನ್ನು ಮಂಚದಿಂದ ಇಳಿಸದೆ ನೋಡಿಕೊಳ್ಳುವ ಅಕ್ಕರೆ ನನಗೆ ಅರ್ಥವಾಗುತ್ತದೆ, ಆದರೆ ಮನೆಯೊಳಗೆ ಅವಳು ಓಡಾಡಲಿ. ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋದರೆ ಏದುಸಿರು, ಎದೆನೋವು, ಕೆಲವೊಮ್ಮೆ ನಿಂತಲ್ಲೇ ಕುಸಿತ. ಊದಿದ ಕಾಲನ್ನು ತಿಕ್ಕಿಸಬಾರದೆನ್ನುವುದು ಇದಕ್ಕೇ.

ರಕ್ತ ತೆಳುವಾಗಿಸುವ ಔಷಧಿ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹದ್ದು. ಕನಿಷ್ಠ ಮೂರು ತಿಂಗಳು ಬೇಕು. ಹಳೆಯ ಔಷಧಿ ವಾರ್ಫರಿನ್, ಅಮೆರಿಕದಲ್ಲಿ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು. ಅದನ್ನು ನುಂಗುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸುತ್ತಾ 2ರಿಂದ 3ರ ನಡುವೆ ಇಟ್ಟುಕೊಳ್ಳಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಇದರ ಕೆಲಸವನ್ನು ಕೆಡಿಸುತ್ತದೆ. ಹಾಗೆಂದು ಬಸ್ಸಾರು, ಮಸ್ಸೊಪ್ಪು ಬಿಡಬೇಕಿಲ್ಲ, ವಾರವಾರಕ್ಕೂ ಹೆಚ್ಚುಕಡಿಮೆ ಅಷ್ಟೇ ತಿಂದರಾಯಿತು. ಹೊಸ ಮಾತ್ರೆಗಳಾದ ರಿವರೋಕ್ಸಬಾನ್, ಅಪಿಕ್ಸಬಾನ್‌ಗೆ ಈ ತಾಪತ್ರಯವಿಲ್ಲ.

ಅತ್ತೆಗೆ ಕಳೆದ ವರ್ಷ ಲೇಸರ್ ಆಯಿತು. ಸೋತ ನಾಳದೊಳಕ್ಕೆ ತೆಳು ತಂತಿ ತೂರಿಸಿ, ಸುತ್ತ ಮರಗಟ್ಟಿಸುವ ದ್ರವ ತುಂಬಿ, ಶಾಖದಿಂದ ನಾಳವನ್ನು ಮುಚ್ಚಿಬಿಡುತ್ತಾರೆ. ರೇಡಿಯೋ ತರಂಗದ ಶಾಖ, ಅಂಟು, ನೊರೆಯ ಇಂಜೆಕ್ಷನ್ ಎಂಬ ದಾರಿಗಳೂ ಇವೆ. ಮೊದಲಿನಂತೆ ತೊಡೆಸಂದಿನಲ್ಲಿ ಕೊಯ್ದು ನಾಳವನ್ನೇ ಎಳೆದು ತೆಗೆಯುವುದು ಈಗ ಕಡಿಮೆ. "ಮುಚ್ಚಿದರೆ ಆ ರಕ್ತ ಎಲ್ಲಿಗೆ ಹೋಗುತ್ತದೆ?" ಎಂದು ಅತ್ತೆ ಟೀಚರ್ ಧ್ವನಿಯಲ್ಲಿ ಕೇಳಿದ್ದರು. ಕಾಲಿನ ರಕ್ತದ ಬಹುಪಾಲು ಒಯ್ಯುವುದು ಒಳಗಿನ ಅಭಿಧಮನಿಗಳೇ, ಅವು ಚೆನ್ನಾಗಿವೆಯೇ ಎಂದು ನೋಡಿಕೊಂಡೇ ಮೇಲಿನದನ್ನು ಮುಚ್ಚುವುದು. ಸಂಜೆ ನಡೆದುಕೊಂಡೇ ಮನೆಗೆ ಬಂದರು.

ಅತ್ತೆಯ ಬಲಗಾಲಿಗೆ ಈಗಲೂ ಕಾಲುಚೀಲ ಬೇಕು. ಊತ ಶುರುವಾಗುವ ಮೊದಲೇ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಹಾಕಬೇಕು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಬೆರಳು ಬಿಟ್ಟಿರುವ ಕಾಲುಚೀಲವಾದ್ದರಿಂದ ಪಾದಕ್ಕೆ ಮೊದಲು ನುಣುಪಾದ ಪ್ಲಾಸ್ಟಿಕ್ ಕವರ್ ತೊಡಿಸಿ, ಮೇಲೆ ಚೀಲ ಏರಿಸಿ, ಕೊನೆಗೆ ಬೆರಳ ಕಡೆಯಿಂದ ಕವರನ್ನು ಎಳೆದುಬಿಡುವ ಉಪಾಯವನ್ನು ಮಾವ ಕಲಿತಿದ್ದಾರೆ. ಅದಕ್ಕೆಂದೇ ಗಾಂಧಿಬಜಾರಿನ ಸೀರೆ ಅಂಗಡಿಯ ಕವರೊಂದನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಾರೆ.